ಬೆಟ್ಟ ಹತ್ತಿದ ಕುರ್ಚಿ

ಆ ಸೋಮವಾರ ಬೆಳಿಗ್ಗೆ ಕಬಿನಿ ಹೊಳೆಯಿಂದ ಎದ್ದ ಮಂಜು ವಯನಾಡಿನ ಪುಲ್ಪಳ್ಳಿಯ ತೋಟಗಳನ್ನೆಲ್ಲ ಒಂದೇ ಬಿಳಿ ಕಂಬಳಿಯೊಳಗೆ ಸುತ್ತಿ ಮಲಗಿಸಿತ್ತು. ಮೆಣಸಿನ ಬಳ್ಳಿ ಕಾಣದು, ಅದು ಹಬ್ಬಿದ ಮರವೂ ಕಾಣದು. ಅಂಗಳದಲ್ಲಿ ಒಣಗಲು ಹರವಿದ್ದ ಕಾಫಿ ಇಬ್ಬನಿಯಲ್ಲಿ ನೆನೆದು ತೆಪ್ಪಗಿತ್ತು. ಹೊಳೆಯಾಚೆ ಕರ್ನಾಟಕ ಇದೆಯೆಂಬುದನ್ನೂ ಆ ಹೊತ್ತಿನಲ್ಲಿ ನಂಬಿಕೆಯ ಮೇಲೆಯೇ ಒಪ್ಪಿಕೊಳ್ಳಬೇಕಿತ್ತು.

ಅಂಥ ಮಂಜಿನಲ್ಲೂ ಒಂದು ವಸ್ತು ಮಾತ್ರ ಎದ್ದು ಕಾಣುತ್ತಿತ್ತು. ಅದು ಚೆಲುವರಾಜುವಿನ ತಲೆಗೂದಲು. ಉತ್ತು ಬಿಟ್ಟ ಗದ್ದೆಯ ಸಾಲಿನ ಹಾಗೆ ಅಲೆ ಅಲೆಯಾಗಿ ಹಿಂದಕ್ಕೆ ಹೋಗಿ ಕತ್ತಿನ ಮೇಲೆ ಸುರುಳಿಗೊಂಡು ನಿಲ್ಲುವ ಆ ಕೂದಲೇ ಅವನ ಬಂಡವಾಳ. ಕೊಬ್ಬರಿ ಎಣ್ಣೆಗೆ ಗರಗದ ಸೊಪ್ಪು, ದಾಸವಾಳದ ಎಲೆ, ಕರಿಬೇವು ಹಾಕಿ ಕಾಯಿಸಿದ ಕೇಶತೈಲವನ್ನು ಅವನು ಸೀಸೆಗೆ ತುಂಬಿ ಮಾರುತ್ತಿದ್ದ. ಬೇರೆಯವರು ಸೀಸೆಯ ಚೀಟಿಯ ಮೇಲೆ ದೇವರ ಪಟ ಹಾಕಿಸಿದರೆ ಇವನು ತನ್ನ ಹಿಂದಲೆಯ ಪಟ ಹಾಕಿಸಿದ್ದ.

ಅಂದು ಮಧ್ಯಾಹ್ನ ಕಲ್ಪೆಟ್ಟದ ಸಗಟು ವ್ಯಾಪಾರಿ ದಾಮೋದರನ್ ಬರುವವನಿದ್ದ. ಎಣ್ಣೆ ಅವನಿಗೆ ಒಪ್ಪಿಗೆಯಾದರೆ ಜಿಲ್ಲೆಯ ಅಂಗಡಿಗಳಲ್ಲೆಲ್ಲ ಚೆಲುವರಾಜುವಿನ ಸೀಸೆ. ಒಪ್ಪಿಗೆಯಾಗದಿದ್ದರೆ ಇದ್ದೇ ಇದೆಯಲ್ಲ, ಸಂತೆಯ ಮೂಲೆಯಲ್ಲಿ ಬಿಸಿಲಿಗೆ ಕೂತು ಕೂಗುವುದು. "ಎಣ್ಣೆ ಎಲ್ಲಾರೂ ಕಾಯಿಸ್ತಾರೆ. ನಾನು ತಲೆ ನೋಡಬೇಕು," ಎಂದು ದಾಮೋದರನ್ ಫೋನಿನಲ್ಲಿ ಹೇಳಿದ್ದ. ಆದ್ದರಿಂದ ಚೆಲುವರಾಜು ಬೆಳಿಗ್ಗೆಯೇ ಕನ್ನಡಿಯ ಮುಂದೆ ನಿಂತು, ಮದುವಣಗಿತ್ತಿಯನ್ನು ಸಿಂಗರಿಸುವ ಹಾಗೆ ತನ್ನ ತಲೆಯನ್ನು ಸಿಂಗರಿಸುತ್ತಿದ್ದ.

ಸೆರಗನ್ನು ತಲೆತುಂಬ ಹೊದ್ದುಕೊಂಡು ತಾಯಿ ಇಂದ್ರಮ್ಮ ಬಂದು ಬಾಗಿಲಲ್ಲಿ ನಿಂತಳು.

"ಮಗಾ, ಬೆಳಗಿನ ಜಾವ ಮಲೆ ಮಾದಪ್ಪ ಕನಸಲ್ಲಿ ಬಂದಿದ್ದ."

"ಏನಂದ?"

"ಏನೂ ಅನ್ನಲಿಲ್ಲ. ಹುಲಿ ಮೇಲೆ ಕೂತ್ಕಂಡು ಸುಮ್ಕೆ ನನ್ನನ್ನೇ ನೋಡ್ದ. ಅವನು ಅಂಗೆ ನೋಡೋದು ಕೊಡಬೇಕಾದೋರನ್ನ. ನೀನು ಚಿಕ್ಕೋನಿದ್ದಾಗ ಕಾಮಾಲೆ ಬಂದಿತ್ತಲ್ಲ, ಆಗ ಹೊತ್ತ ಮುಡಿ ಹರಕೆ ಇನ್ನೂ ಅಂಗೇ ಉಳಿದದೆ. ಬೆಟ್ಟ ಹತ್ತೋಕೆ ನನ್ನ ಮಂಡಿ ಕೇಳಲ್ಲ. ನೀನು ಇವತ್ತೇ ಹೊರಡು. ಅಲ್ಲೀಗಂಟ ನಾನು ಬಾಯಿಗೆ ಏನೂ ಹಾಕಲ್ಲ."

ಚೆಲುವರಾಜುವಿನ ಎರಡೂ ಕೈ ತಾವಾಗಿಯೇ ಮೇಲೆದ್ದು, ಕೋಳಿ ಮರಿಗಳನ್ನು ಮುಚ್ಚುವ ಹಾಗೆ ಕೂದಲನ್ನು ಮುಚ್ಚಿಕೊಂಡವು.

"ಇವತ್ತಾ? ಅವ್ವಾ, ಇವತ್ತು ಈ ತಲೆ ನೋಡೋಕೆ ಕಲ್ಪೆಟ್ಟದಿಂದ ಜೀಪು ಬತ್ತದೆ!"

"ಜೀಪಿಗಿಂತ ಮೊದಲು ಹುಲಿ ಬಂದದೆ," ಎಂದು ಇಂದ್ರಮ್ಮ ಜಗಲಿಯ ಮೇಲೆ ಕೂತುಬಿಟ್ಟಳು. ಅವಳು ಕೂತ ರೀತಿಯಲ್ಲಿ ಬೆಟ್ಟವೇ ಬಂದು ಕೂತಂತಿತ್ತು.

ತಾಯಿಯನ್ನು ಉಪವಾಸ ಕೆಡವುವಂತಿಲ್ಲ, ತಲೆಯನ್ನು ಕೊಡುವಂತಿಲ್ಲ. ಈ ಇಕ್ಕಟ್ಟಿನಲ್ಲಿ ಅವನಿಗೆ ನೆನಪಾದವನು ಸನೀಶ್. ಮದುವೆ ವೀಡಿಯೋ ತೆಗೆಯುವ ಹುಡುಗ. ಅವನು ಕಳೆದ ಶಿವರಾತ್ರಿಗೆ ಗುಂಡ್ಲುಪೇಟೆಯ ಪರಿಷೆಯವರ ಜೊತೆ ಮಾದಪ್ಪನ ಬೆಟ್ಟ ಹತ್ತಿ, ಸುತ್ತಲೂ ಕಾಣುವ ಕ್ಯಾಮೆರಾದಲ್ಲಿ ದಾರಿಯನ್ನೆಲ್ಲ ಹಿಡಿದು ತಂದಿದ್ದ. ಕಣ್ಣಿಗೆ ಕಟ್ಟಿಕೊಳ್ಳುವ ವಿ.ಆರ್. ಪೆಟ್ಟಿಗೆಯಲ್ಲಿ ಅದನ್ನು ತುಂಬಿಸಿ, ಮಂಡಿ ನೋವಿನ ಭಕ್ತರನ್ನು ಮನೆಯಲ್ಲೇ ಬೆಟ್ಟ ಹತ್ತಿಸುವ ವ್ಯಾಪಾರಕ್ಕೆ ಇಳಿಯುವುದು ಅವನ ಕನಸು. ಮೊದಲ ಭಕ್ತನಿಗಾಗಿ ಅವನು ಕಾಯುತ್ತಿದ್ದ.

ಮಂಜು ಕರಗುವ ಹೊತ್ತಿಗೆ ಸನೀಶ್ ಪೆಟ್ಟಿಗೆಯೊಡನೆ ಹಾಜರಾದ. ಬೇಲಿಯ ಮೇಲಿಂದ ನೆರೆಮನೆಯ ಚಾಮುಂಡಮ್ಮನ ಮುಖವೂ ಉದಯಿಸಿತು. ವರ್ಷವರ್ಷ ಬರಿಗಾಲಲ್ಲಿ ಬೆಟ್ಟ ಹತ್ತಿ ಬರುವ ಹೆಂಗಸು ಆಕೆ. ಮಾದಪ್ಪನ ವಿಷಯದಲ್ಲಿ ಆ ಬೀದಿಗೆ ಆಕೆಯ ಮಾತೇ ಕೊನೆ; ಮಾದಪ್ಪನನ್ನು ಕೇಳಿದ್ದರೂ "ಚಾಮುಂಡಮ್ಮ ಏನಂತಾಳೆ?" ಎನ್ನುತ್ತಿದ್ದನೇನೋ.

"ಕಣ್ಣಿಗೆ ಡಬ್ಬ ಕಟ್ಕಂಡು ಹರಕೆ ತೀರಿಸೋದಾ?" ಎಂದಳು.

"ದೇವರು ನೋಡೋದು ಮನಸ್ಸನ್ನ ಅಲ್ವಾ ದೊಡ್ಡಮ್ಮ?" ಎಂದ ಚೆಲುವರಾಜು. "ಮನಸ್ಸು ಬೆಟ್ಟ ಹತ್ತುತದೆ. ಅಲ್ಲೇ ಪೆಟ್ಟಿಗೆಯೊಳಗೆ ಮುಡೀನೂ ಕೊಡ್ತದೆ. ಸನೀಶ ಅದನ್ನೂ ಹಿಡ್ಕಂಡು ಬಂದವ್ನೆ."

"ಅದಲ್ಲ ಚಾಮುಂಡಕ್ಕಾ, ಆ ಹರಕೆ…" ಎಂದು ಇಂದ್ರಮ್ಮ ಬಾಯಿ ತೆರೆದಳು.

"ನೀನು ಸುಮ್ಕಿರು ಇಂದ್ರಿ, ತೀರ್ಮಾನ ನಾನು ಹೇಳ್ತೀನಿ." ಚಾಮುಂಡಮ್ಮ ಬೇಲಿ ದಾಟಿ ಈಚೆ ಬಂದಳು. "ಮನಸ್ಸು ಎಲ್ಲಿಗೆ ಬೇಕಾದ್ರೂ ಹೋಯ್ತದೆ, ಅದಕ್ಕೆ ಟಿಕೆಟ್ಟಿಲ್ಲ. ಹರಕೆ ಅಂದ್ರೆ ಮೈ ನೋಯಬೇಕು. ಬೆವರು ಇಳೀಬೇಕು, ಕಾಲು ನಡುಗಬೇಕು, ಏದುಸಿರು ಬರಬೇಕು. ಅದು ಬಂದ್ರೆ ಇವನ ಮೈ ಬೆಟ್ಟಕ್ಕೆ ಹೋಗ್ಯದೆ ಅಂತ ನಾನು ಒಪ್ತೀನಿ. ಬರಲಿಲ್ಲವಾ, ಸಂಜೆ ಬಸ್ಸು ಹತ್ತು."

ಚೆಲುವರಾಜು ಒಳಗೊಳಗೇ ನಕ್ಕ. ಕೂತಲ್ಲೇ ಸ್ವಲ್ಪ ನಡುಗಿ, ನಾಲ್ಕು ಸಲ ಉಸ್ಸೆಂದರೆ ಆಯಿತಲ್ಲ! ಸಂತೆಯಲ್ಲಿ ಎಣ್ಣೆ ಮಾರುವವನಿಗೆ ಅಷ್ಟು ನಾಟಕ ಬಾರದೇ?

ಅಂಗಳದ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಪಕ್ಕದ ಸಲೂನಿನ ಶ್ರೀಧರನ್ ಗಿರಾಕಿಯಿಲ್ಲದ ಹೊತ್ತು ನೋಡಿ, ಹೆಗಲ ಮೇಲಿನ ಟವಲಿನ ಸಮೇತ ಬಂದು ನಿಂತ. ದಾರಿಹೋಕರು ನಾಲ್ಕಾರು ಮಂದಿಯೂ ಸೇರಿದರು. ಸನೀಶ್ ಚೆಲುವರಾಜುವನ್ನು ಕುರ್ಚಿಯಲ್ಲಿ ಕೂರಿಸಿ ಕಣ್ಣಿಗೆ ಪೆಟ್ಟಿಗೆ, ಕಿವಿಗೆ ಮುಚ್ಚಳ ಏರಿಸಿದ.

"ಕೂದಲು ಜೋಪಾನ ಕಣೋ," ಎಂದ ಚೆಲುವರಾಜು. ಹೊರಗಿನ ಲೋಕದಲ್ಲಿ ಅವನಾಡಿದ ಬುದ್ಧಿಯ ಮಾತು ಅದೇ ಕಡೆಯದು.

ಪೆಟ್ಟಿಗೆಯೊಳಗೆ ಅವನು ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ. ಘಾಟಿಯ ತಿರುವು. ಬಸ್ಸು ಎಡಕ್ಕೆ ವಾಲಿತು. ಕುರ್ಚಿಯಲ್ಲಿ ಚೆಲುವರಾಜುವೂ ಎಡಕ್ಕೆ ವಾಲಿದ. ಬಸ್ಸು ಬಲಕ್ಕೆ ವಾಲಿತು, ಅವನೂ ವಾಲಿದ. ನಾಟಕ ಶುರುಮಾಡಬೇಕು ಎಂದುಕೊಳ್ಳುವಷ್ಟರಲ್ಲಿ ಹೊಟ್ಟೆಯೇ ನಾಟಕವನ್ನು ಕೈಗೆತ್ತಿಕೊಂಡಿತು. ನಾಲಿಗೆಯ ಬುಡದಲ್ಲಿ ನೀರೂರಿತು, ಹಣೆ ತಣ್ಣಗಾಯಿತು, ಕಿಟಕಿಯಿಂದಾಚೆ ತಲೆ ಹಾಕಬೇಕೆಂದು ಅವನು ಬಾಗಿದ. ಕಿಟಕಿ ಅಲ್ಲೆಲ್ಲಿದೆ? ಬೆಳಿಗ್ಗೆ ತಿಂದ ಪುಟ್ಟು, ಕಡಲೆ ಎರಡೂ ಶ್ರೀಧರನ್ ಪಾದದ ಮೇಲೆ ಸಮರ್ಪಣೆಯಾದವು.

"ಅಯ್ಯೋ! ಕೂತಲ್ಲೇ ಹೆಂಗೆ ವಾಂತಿ?" ಎಂದ ಶ್ರೀಧರನ್ ಕಾಲು ಕೊಡವುತ್ತ.

"ಶ್ರೀಧರೇಟ್ಟಾ, ಅದು ಹಂಗೇ," ಎಂದ ಸನೀಶ್, ಚೆಲುವರಾಜುವಿಗೂ ಕೇಳಲೆಂದು ಕಿವಿಯ ಮುಚ್ಚಳವೆತ್ತಿ, ತನ್ನ ಯಂತ್ರದ ಮೇಲಿನ ಹೆಮ್ಮೆಯಿಂದ. "ಕಣ್ಣು ಓಡ್ತಿದೀನಿ ಅಂತದೆ. ಕಿವಿಯೊಳಗೆ ಒಂದು ತಕ್ಕಡಿ ಉಂಟು, ಅದು ಇಲ್ಲ, ಕೂತಿದೀನಿ ಅಂತದೆ. ಇವರಿಬ್ಬರ ಜಗಳದಲ್ಲಿ ಪೆಟ್ಟು ತಿನ್ನೋದು ಹೊಟ್ಟೆ. ಮೈಗೆ ಬುದ್ಧಿಯಿಲ್ಲ, ಕಣ್ಣು ಹೇಳಿದ್ದನ್ನೆಲ್ಲ ನಂಬ್ತದೆ."

"ಬಸ್ಸಲ್ಲಿ ನನಗೂ ಆ ತಿರುವಲ್ಲೇ ಆಗೋದು," ಎಂದು ಚಾಮುಂಡಮ್ಮ ಗಂಭೀರಳಾದಳು. ಮೊದಲ ಸಾಕ್ಷಿ ದಾಖಲಾಗಿತ್ತು.

ಬಸ್ಸಿಳಿದು ನಡಿಗೆ ಶುರುವಾಯಿತು. ಕಲ್ಲುಮೆಟ್ಟಿಲ ಏರು. ಚೆಲುವರಾಜು ಕೂತೇ ಇದ್ದ. ಆದರೆ ಅವನ ತೊಡೆಗಳು ಬಿಗಿದುಕೊಂಡವು, ಪಾದಗಳು ಒಂದಾದ ಮೇಲೊಂದು ನೆಲವನ್ನು ಒತ್ತಿದವು, ಉಸಿರು ತಿದಿಯಂತೆ ಆಡತೊಡಗಿತು. ದಾರಿ ಒಂದು ಬಂಡೆಯಂಚಿಗೆ ಬಂದು ಕೆಳಗೆ ಕಣಿವೆ ಬಾಯಿ ತೆರೆದಾಗ ಅವನ ಅಂಗಾಲುಗಳಲ್ಲಿ ಇರುವೆ ಹರಿದಂತಾಯಿತು, ಮೊಣಕಾಲುಗಳು ಗಡಗಡ ನಡುಗಿ ಕುರ್ಚಿಯ ನಾಲ್ಕು ಕಾಲುಗಳನ್ನೂ ನಡುಗಿಸಿದವು. ನೆಲದಿಂದ ಮೊಳದೆತ್ತರದಲ್ಲಿ ಕೂತ ಮನುಷ್ಯ ಕುರ್ಚಿಯ ಕೈಗಳನ್ನು ಅವುಚಿ ಹಿಡಿದು "ಬೀಳ್ತೀನಿ, ಬೀಳ್ತೀನಿ!" ಎಂದು ಬೊಬ್ಬಿಟ್ಟ. ಅಂಗಿ ಬೆನ್ನಿಗಂಟಿತ್ತು. ಎದೆಯ ಬಡಿತ ಅಂಗಿಯ ಗುಂಡಿಯನ್ನು ಕುಣಿಸುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು.

ಚಾಮುಂಡಮ್ಮ ಅವನ ಹಣೆಯ ಬೆವರನ್ನು ಬೆರಳಲ್ಲಿ ತೆಗೆದು ನೋಡಿದಳು. "ಇದು ಏರಿನ ಬೆವರೇ. ಉಪ್ಪು ಕಟ್ಯದೆ," ಎಂದಳು. ಜನ ಕೈಮುಗಿಯತೊಡಗಿದರು.

ಅಲ್ಲಿಗೇ ನಿಂತಿದ್ದರೆ ಚೆಲುವರಾಜುವಿನ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ಸನೀಶ್ ಕಲಾವಿದ. ಮಾದಪ್ಪನ ಬೆಟ್ಟವೆಂದ ಮೇಲೆ ಹುಲಿಯಿಲ್ಲದಿದ್ದರೆ ಹೇಗೆಂದು ಕಂಪ್ಯೂಟರಿನಲ್ಲಿ ಒಂದು ಹುಲಿಯನ್ನು ಮಾಡಿ ದಾರಿಯ ಪಕ್ಕದ ಪೊದೆಯಲ್ಲಿ ಕೂರಿಸಿದ್ದ. ಅದು ಈಗ ಹೊರಗೆ ಹಾರಿತು.

"ಹುಲಿ!" ಎಂದು ಚೆಲುವರಾಜು ಕೂಗಿದ. "ಹುಲಿ ಬಂತು! ಹುಲೀ!"

ಬೇರೆ ಊರಿನಲ್ಲಾದರೆ ಜನ ನಗುತ್ತಿದ್ದರು. ವಯನಾಡಿನಲ್ಲಿ ಆ ಮಾತು ಕಿವಿಗೆ ಬಿದ್ದರೆ ಕಾಲು ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವನು ಸ್ಕೂಟರನ್ನು ನಿಂತಲ್ಲೇ ಬಿಟ್ಟು ಅಂಗಡಿಗೆ ನುಗ್ಗಿದ. ಮನೆ ಮನೆಯ ಬಾಗಿಲುಗಳು ದಡದಡನೆ ಮುಚ್ಚಿದವು. ಯಾರೋ ತಗಡು ಬಡಿದರು, ಯಾರೋ ಪಟಾಕಿ ಹಚ್ಚಿದರು, ಯಾರೋ ಪುಣ್ಯಾತ್ಮರು ಅರಣ್ಯ ಇಲಾಖೆಗೆ ಫೋನ್ ಮಾಡಿದರು. ಹುಲಿ ಪೆಟ್ಟಿಗೆಯೊಳಗಿದೆಯೆಂದು ಚೆನ್ನಾಗಿ ಗೊತ್ತಿದ್ದ ಶ್ರೀಧರನ್ ಕೂಡ ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿಯ ಅರ್ಧಕ್ಕೆ ಹೋಗಿ ನಿಂತಿದ್ದ. ಹೇಗೆ ಹೋದೆನೆಂದು ಅವನಿಗೇ ತಿಳಿಯದು. ಪೆಟ್ಟಿಗೆ ಕಟ್ಟಿಕೊಂಡವನು ಒಬ್ಬ, ಬೆವೆತದ್ದು ಬೀದಿಯೆಲ್ಲ.

ಚೆಲುವರಾಜು ಮಾತ್ರ ಪೆಟ್ಟಿಗೆಯ ಸಮೇತ ಅಂಗಳದ ಕಾಫಿಯ ಮೇಲೆ ಓಡಿ, ಜಾರಿ, ಉರುಳಿ, ಎದುರಿಗೆ ಸಿಕ್ಕ ಹಸುವಿನ ಕೊರಳನ್ನು ತಬ್ಬಿಕೊಂಡು "ಮಾದಪ್ಪಾ, ನಿನ್ನ ವಾಹನ ನೀನೇ ಹಿಡ್ಕೋ!" ಎಂದು ಅಳುತ್ತಿದ್ದ. ಸನೀಶ್ ಅವನನ್ನು ಎಳೆತಂದು ಕುರ್ಚಿಯಲ್ಲಿ ಕೂರಿಸಿದ. ಮತ್ತೆ ಓಡದಿರಲಿ ಎಂದು ಶ್ರೀಧರನ್‌ನ ಟವಲಿನಿಂದ ಸೊಂಟವನ್ನು ಕುರ್ಚಿಗೆ ಕಟ್ಟಿದ.

"ಪೆಟ್ಟಿಗೆ ತೆಗೆಯಲಾ ಚೆಲುವಣ್ಣಾ?" ಎಂದು ಕಿವಿಯ ಮುಚ್ಚಳವೆತ್ತಿ ಕೇಳಿದ.

"ತೆಗೀಬ್ಯಾಡ!" ಎಂದು ಗುಡುಗಿದಳು ಚಾಮುಂಡಮ್ಮ. "ಅರ್ಧ ದಾರೀಲಿ ಮೈಯನ್ನ ಕಾಡಲ್ಲಿ ಬಿಟ್ಟು ಬರ್ತೀಯಾ? ಗುಡಿ ಮುಟ್ಟಲಿ."

ಅಷ್ಟರಲ್ಲಿ ಅರಣ್ಯ ಇಲಾಖೆಯ ಜೀಪಿನ ಸದ್ದು ಕೇಳಿ ಸನೀಶ್‌ನ ಬಣ್ಣ ಇಳಿಯಿತು. ಹುಲಿಯ ಮಾಲೀಕ ಅವನೇ ತಾನೆ? ಸಮಾಧಾನ ಹೇಳಿ ವಾಪಸು ಕಳಿಸಲು ರಸ್ತೆಗೆ ಓಡಿದ. ಹೆದರಿ ನಡುಗುತ್ತಿದ್ದ ಜನಕ್ಕೆಲ್ಲ ಕಾಫಿ ಕಾಯಿಸಲು ಇಂದ್ರಮ್ಮ ಅಡುಗೆ ಮನೆಗೆ ಹೋದಳು. ತಾನು ಉಪವಾಸವಿದ್ದರೂ ಬಂದವರನ್ನು ಬರಿಬಾಯಲ್ಲಿ ಕಳಿಸುವ ಹೆಂಗಸಲ್ಲ ಅವಳು.

ಚೆಲುವರಾಜು ಗುಡಿಯ ಬಳಿ ತಲುಪಿದ್ದ. ಕಿವಿಯ ತುಂಬ "ಉಘೇ ಮಾದಪ್ಪ!" ಎಂಬ ಕೂಗು. ಅವನ ತೋಳಿನ ರೋಮಗಳೆಲ್ಲ ನೆಟ್ಟಗೆ ನಿಂತವು. ಮುಖಕ್ಕೆ ಬೆಟ್ಟದ ಗಾಳಿ ಬೀಸಿದಂತಾಯಿತು; ಪೆಟ್ಟಿಗೆಯಲ್ಲಿ ಗಾಳಿಯಿಲ್ಲವೆಂದು ಅವನು ಬಲ್ಲ, ಆದರೂ ಕೆನ್ನೆ ತಣ್ಣಗಾಯಿತು. ಮೂಗಿಗೆ ಧೂಪದ ವಾಸನೆ ಕೂಡ ಬಡಿದಂತಾಯಿತು. ಎಂಥ ಮಾಯೆ! ಮೈಗೆ ಬುದ್ಧಿಯಿಲ್ಲ ಎಂದು ಸನೀಶ್ ಹೇಳಿದ್ದು ನಿಜ. ಇಷ್ಟು ದಡ್ಡ ಮೈಯನ್ನು ಇಟ್ಟುಕೊಂಡು ಇಷ್ಟು ವರ್ಷ ಹೇಗೆ ಸಂಸಾರ ಮಾಡಿದೆನೆಂದು ಅವನಿಗೇ ನಗು ಬಂತು.

ಮುಂದೆ ಮುಡಿ ಕೊಡುವ ಕಟ್ಟೆ. ಸಾಲಾಗಿ ಕೂತ ಭಕ್ತರು. ಕತ್ತಿ ಹಿಡಿದವನೊಬ್ಬ ಇವನ ಮುಖದ ಹತ್ತಿರಕ್ಕೇ ಬಾಗಿದ. ಪೆಟ್ಟಿಗೆಯೊಳಗೆ ತಾನೆ! ಚೆಲುವರಾಜುವಿಗೆ ಧಾರಾಳ ಉಕ್ಕಿತು. ಚಾಮುಂಡಮ್ಮ ಕೇಳಲಿ ಎಂದು ಗಟ್ಟಿಯಾಗಿಯೇ ಕೂಗಿದ:

"ತೆಗೀರಿ ಸ್ವಾಮಿ! ಒಂದು ಎಳೇನೂ ಬಿಡಬ್ಯಾಡಿ! ಎಲ್ಲಾ ಮಾದಪ್ಪಂದೇ!"

ತಲೆಯ ಮೇಲೆ ತಣ್ಣೀರು ಬಿದ್ದಂತಾಯಿತು. ಕತ್ತಿನಿಂದ ಬೆನ್ನಿಗೆ ಇಳಿದಂತೆಯೂ ಆಯಿತು. ಯಾರೋ ಪೆಟ್ಟಿಗೆಯನ್ನು ಮುಖಕ್ಕೆ ಒತ್ತಿ ಹಿಡಿದಂತಾಯಿತು. ನಡುನೆತ್ತಿಯಿಂದ ಹಣೆಯ ಕಡೆಗೆ ಏನೋ ಸರಸರ ಹರಿಯಿತು. ಆಹಾ, ಹಾರಿದ ಹುಲಿಗೆ ಎದೆ ಬಡಿದುಕೊಂಡಿತು, ಇಲ್ಲದ ಗಾಳಿಗೆ ಕೆನ್ನೆ ತಣ್ಣಗಾಯಿತು, ಈಗ ಇಲ್ಲದ ಕತ್ತಿಗೆ ನೆತ್ತಿ ಜುಮ್ಮೆನ್ನುತ್ತಿದೆ! "ಸನೀಶಾ, ಸೂಪರ್ ಕಣೋ!" ಎಂದ. "ಕಿವಿ ಹಿಂದೆ ಉರೀತಾನೂ ಅದೆ! ಇದಕ್ಕೆ ಎಷ್ಟು ಕೇಳಿದ್ರೂ ಜನ ಕೊಡ್ತಾರೆ!"

ಗುಡಿಯ ದೀಪ ಕಂಡಿತು. ಕೈಮುಗಿದ. ಚಿತ್ರ ಮುಗಿಯಿತು. ಒಂದೇ ಒಂದು ವಿಚಿತ್ರ: ಇಷ್ಟು ಹೊತ್ತು ತಲೆಯನ್ನು ಬಿಗಿಯಾಗಿ ಹಿಡಿದಿದ್ದ ಪೆಟ್ಟಿಗೆಯ ಪಟ್ಟಿ ಸಡಿಲವಾಗಿ, ಪೆಟ್ಟಿಗೆ ತಾನಾಗಿಯೇ ಮೂಗಿನ ಮೇಲಿಂದ ಜಾರಿ ಮಡಿಲಿಗೆ ಬಿತ್ತು.

ಮಡಿಲಲ್ಲಿ ಪೆಟ್ಟಿಗೆಯ ಜೊತೆ ಬೇರೇನೋ ಇತ್ತು. ಕಪ್ಪಗೆ, ಅಲೆ ಅಲೆಯಾಗಿ, ಸುರುಳಿ ಸುರುಳಿಯಾಗಿ.

ಚೆಲುವರಾಜು ಕೈಯೆತ್ತಿ ತಲೆ ಮುಟ್ಟಿದ. ಕೈ ಜಾರಿತು.

"ದೊಡ್ಡಮ್ಮಾ…" ಎಂದ. ದನಿ ಬಾವಿಯೊಳಗಿಂದ ಬಂದಂತಿತ್ತು.

ಚಾಮುಂಡಮ್ಮನ ಕಣ್ಣಲ್ಲಿ ಆನಂದದ ನೀರು. "ವಾಂತಿ ಬಂತು, ಬೆವರು ಬಂತು, ಕಾಲು ನಡುಗ್ತು, ಹುಲಿ ಕಂಡು ಓಡ್ದೆ. ಮೈ ಬೆಟ್ಟಕ್ಕೆ ಹೋಗಿರೋದರಲ್ಲಿ ನನಗೆ ಇನ್ನೇನೂ ಅನುಮಾನ ಉಳೀಲಿಲ್ಲ ಮಗಾ. ಮೈ ಬೆಟ್ಟದಲ್ಲಿದ್ದ ಮೇಲೆ ತಲೆ ಎಲ್ಲಿರ್ತದೆ? ಅಲ್ಲೇ! ಗುಡಿ ಮುಂದಿರೋ ತಲೇನ ಹಂಗೇ ವಾಪಸು ತರೋಕಾಯ್ತದಾ? ನಾನೇ ಶ್ರೀಧರನ್ನ ಕತ್ತಿ ತರೋಕೆ ಕಳಿಸ್ದೆ, ಧೂಪ ಹಾಕ್ದೆ, ಪೆಟ್ಟಿಗೆ ಹಿಡ್ಕಂಡೆ."

"ನಾನು ಬೇಡ ಅಂದೆ," ಎಂದ ಶ್ರೀಧರನ್ ಕತ್ತಿ ಒರೆಸುತ್ತ. "ಗಿರಾಕಿ ಬಾಯಿಬಿಟ್ಟು ಹೇಳದೆ ನಾನು ಕೂದಲು ಮುಟ್ಟೋದಿಲ್ಲ ಅಂತ. ಆಗ ನೀವೇ ಕೂಗಿದ್ರಲ್ಲ, ಒಂದು ಎಳೆನೂ ಬಿಡಬೇಡಿ ಅಂತ. ಬಿಟ್ಟಿಲ್ಲ. ನೋಡಿಕೊಳ್ಳಿ."

ಕಾಫಿಯ ತಟ್ಟೆ ಹಿಡಿದು ಹೊರಬಂದ ಇಂದ್ರಮ್ಮ ಮಗನ ತಲೆ ನೋಡಿ ಹೊಸಿಲಲ್ಲೇ ನಿಂತಳು. "ಅಯ್ಯೋ, ಇವನದ್ಯಾಕೆ…" ಎನ್ನುವಷ್ಟರಲ್ಲಿ ಅಂಗಳದಲ್ಲಿ ಇನ್ನೊಂದು ಜೀಪು ಬಂದು ನಿಂತಿತು. ಹೇಳಿದ್ದಕ್ಕಿಂತ ಮೊದಲೇ ದಾಮೋದರನ್ ಬಂದಿದ್ದ. ಅವನ ಹಿಂದೆ, ಅರಣ್ಯ ಇಲಾಖೆಯವರನ್ನು ಸಾಗಹಾಕಿ ಸುಸ್ತಾದ ಸನೀಶ್.

ದಾಮೋದರನ್ ಗೋಡೆಗೆ ಅಂಟಿಸಿದ್ದ ಹಿಂದಲೆಯ ದೊಡ್ಡ ಪಟವನ್ನು ನೋಡಿದ. ಕುರ್ಚಿಗೆ ಕಟ್ಟಿಹಾಕಿದ್ದ ಬೋಳುತಲೆಯನ್ನು ನೋಡಿದ. ಮತ್ತೆ ಪಟ ನೋಡಿದ.

"ಇದು ಎಣ್ಣೆ ಹಚ್ಚೋಕೆ ಮುಂಚೆಯಾ, ಆಮೇಲಾ?" ಎಂದು ಕೇಳಿದ.

ಚೆಲುವರಾಜು ಬೆಟ್ಟ, ಹುಲಿ, ತಕ್ಕಡಿ ಎಂದೇನೋ ತೊದಲಿದ. ದಾಮೋದರನ್ ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಶರಿ, ನಾನು ಬರ್ತೀನಿ," ಎಂದು ತಿರುಗಿದ.

"ಬಂದೋರು ಕಾಫಿ ಕುಡಿದು ಹೋಗಪ್ಪ," ಎಂದು ಇಂದ್ರಮ್ಮ ಇಳಿದು ಬಂದಳು. ಗಾಬರಿಯ ನಡಿಗೆಯಲ್ಲಿ ಸೆರಗು ಜಾರಿತು, ಸೆರಗಿನ ಜೊತೆ ತುರುಬೂ ಬಿಚ್ಚಿತು. ಲೋಟ ಕೊಡಲು ಅವಳು ಬಾಗಿದಾಗ, ಆ ಮುದುಕಿಯ ಬೆನ್ನ ಮೇಲಿಂದ ಕಡುಗಪ್ಪು ಕೂದಲು ಮಳೆಗಾಲದ ಜಲಪಾತದಂತೆ ಮೊಣಕಾಲಿನ ತನಕ ಇಳಿದು ನಿಂತಿತು.

ದಾಮೋದರನ್ ಲೋಟವನ್ನು ಹಿಡಿಯುವುದನ್ನೇ ಮರೆತ.

"ಅಮ್ಮೇ… ಇದಕ್ಕೆ ಯಾವ ಎಣ್ಣೆ?"

"ಇದೇ ಕಣಪ್ಪ. ನಾನೇ ಕಾಯ್ಸೋದು. ಅವನು ಮಾರೋದು."

ದಾಮೋದರನ್ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. "ಗಂಡಸಿನ ತಲೆ ನೋಡಿ ಯಾರು ಎಣ್ಣೆ ತಗೊಳ್ತಾರೆ? ಸೀಸೆ ಮೇಲೆ ಈ ಅಮ್ಮನ ಪಟ ಬರಲಿ! ಬತ್ತೇರಿ, ಮಾನಂತವಾಡಿ, ಕಲ್ಪೆಟ್ಟ, ಎಲ್ಲಾ ಅಂಗಡೀಲೂ ಇಡಿಸ್ತೀನಿ. ಫೋಟೋ ಇವತ್ತೇ ಆಗಬೇಕು. ಯಾರದಾದ್ರೂ ಕ್ಯಾಮೆರಾ ಉಂಟಾ ಇಲ್ಲಿ?"

"ನಂದು!" ಎಂದು ಸನೀಶ್ ಹಾರಿದ. ಇಬ್ಬರೂ ಕ್ಯಾಮೆರಾ ತರಲು ಜೀಪು ಹತ್ತಿ ಹೋದರು. ಚೆಲುವರಾಜುವಿನ ಎದೆ ಮತ್ತೆ ಬಡಿದುಕೊಂಡಿತು. ಈ ಸಲ ಯಾವ ಪೆಟ್ಟಿಗೆಯೂ ಇರಲಿಲ್ಲ. ತಲೆ ಹೋದರೇನು, ಸೀಸೆ ಉಳಿಯಿತು! ಹರಕೆಯೂ ತೀರಿತು, ವ್ಯಾಪಾರವೂ ಕುದುರಿತು! ಸೊಂಟದ ಟವಲು ಬಿಚ್ಚಿಕೊಂಡವನೇ ಬೋಳುತಲೆಯಲ್ಲಿ ಮಾದಪ್ಪನ ಪಟಕ್ಕೆ ಅಡ್ಡಬೀಳಲು ಒಳಗೆ ಓಡಿದ.

ಅವನು ಹೊರಗೆ ಬಂದಾಗ ಅದೇ ಕುರ್ಚಿಯಲ್ಲಿ ಇಂದ್ರಮ್ಮ ಕೂತಿದ್ದಳು. ಶ್ರೀಧರನ್ ಕತ್ತಿಯನ್ನು ಕೈಯಲ್ಲಿ ಹಿಡಿದು, ಮುಂದೇನೆಂದು ತಿಳಿಯದೆ ಚಾಮುಂಡಮ್ಮನ ಮುಖ ನೋಡುತ್ತಿದ್ದ. ಜೀವಮಾನದಲ್ಲಿ ಮೊದಲ ಸಲ ಚಾಮುಂಡಮ್ಮ ತೀರ್ಮಾನವನ್ನು ಇನ್ನೊಬ್ಬರಿಗೆ ಬಿಟ್ಟು ಪಕ್ಕಕ್ಕೆ ಸರಿದಿದ್ದಳು.

"ಅವ್ವಾ! ಏನು ಮಾಡ್ತಿದ್ದೀಯ?"

"ಆ ಹರಕೆ ನಂದು ಮಗಾ," ಎಂದಳು ಇಂದ್ರಮ್ಮ ಮೆಲ್ಲಗೆ. "ಮಗ ಉಳೀಲಿ, ನನ್ನ ಮುಡಿ ಕೊಡ್ತೀನಿ ಅಂದಿದ್ದೆ. ನೀನು ಬೆಟ್ಟಕ್ಕೆ ತಗಂಡು ಹೋಗಿ ಒಪ್ಪಿಸಿ ಬಂದ್ರೆ ಸಾಕಾಗಿತ್ತು. ಬೆಳಿಗ್ಗೆಯಿಂದ ಹೇಳೋಕೆ ನೋಡ್ದೆ, ಯಾರು ಬಿಟ್ರು?"

"ಅದಕ್ಕೆ ಇವತ್ತೇ ಯಾಕವ್ವಾ? ಒಂದೇ ಒಂದು ಫೋಟೋ! ಫೋಟೋ ಆಗಲಿ, ಆಮೇಲೆ ಕೊಡು. ಇಷ್ಟು ವರ್ಷ ಕಾದ ಮಾದಪ್ಪ ಇನ್ನು ಸ್ವಲ್ಪ ಹೊತ್ತು ಕಾಯಲ್ವಾ?"

"ಅವನು ಕಾಯ್ತಾನೆ. ನಾನೇ ಕಾಯಬಾರದು." ಇಂದ್ರಮ್ಮ ಕೂದಲನ್ನು ಮುಂದಕ್ಕೆ ತಂದು ಮಡಿಲಲ್ಲಿ ಇಟ್ಟುಕೊಂಡಳು. "ಇವತ್ತು ಬೆಳಿಗ್ಗೆಗಂಟ ಇದು ಬರೀ ಕೂದಲು. ಮರೆತೆ, ಮಂಡಿ ನೋವು, ಅಂತ ಒಂದು ನೆವ ಹೇಳಬಹುದಿತ್ತು. ಈಗ ಒಬ್ಬರು ಬಂದು ಇದಕ್ಕೆ ಬೆಲೆ ಕಟ್ಟಿದ್ರು. ಬೆಲೆ ಗೊತ್ತಾದ ಮೇಲೂ ಇಟ್ಕಂಡ್ರೆ, ದೇವರ ಒಡವೆ ಅಡ ಇಟ್ಟು ತಿಂದಂಗೆ. ಶ್ರೀಧರಾ, ನೀರು ಹಾಕಪ್ಪ."

ಶ್ರೀಧರನ್ ನೀರು ಹಾಕಿದ. ಚೆಲುವರಾಜುವಿನ ನೆತ್ತಿ ಮತ್ತೊಮ್ಮೆ ಜುಮ್ಮೆಂದಿತು.

ರಸ್ತೆಯ ಕಡೆಯಿಂದ ಜೀಪಿನ ಸದ್ದೂ, "ಅಮ್ಮೇ, ಬಿಸಿಲು ಬಂದಿದೆ, ಒಳ್ಳೆ ಬೆಳಕು!" ಎಂಬ ಸನೀಶ್‌ನ ಕೂಗೂ ಕೇಳಿಬಂದವು. ಇಂದ್ರಮ್ಮ ಅತ್ತ ತಿರುಗಲಿಲ್ಲ. ಶ್ರೀಧರನ್ ತೆಗೆದ ಮುಡಿಯನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿ, ಒಳಗೆ ಹೋಗಿ ಮಾದಪ್ಪನ ಪಟದ ಮುಂದೆ ಇಟ್ಟು, ಏನನ್ನೂ ಕೇಳಿಕೊಳ್ಳದೆ ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು.